ಪದ್ರೋನ್ 1964 ಮಡೂರೊ ಸೇದಿದೆ, ನಡುವೆ ಬಂದ ಒಂದು ವಾಸನೆಗೆ ಹೆಸರು ಸಿಗುತ್ತಿಲ್ಲ

ಟ್ಯಾಂಪಾ_ವರಾಂಡ:

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ. ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ನಿಮ್ಮ ಸಹಾಯ ಬೇಕು.

ನಾನಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಪಕ್ಕದ ಮನೆಯ ಯಜಮಾನರು ಕ್ಯೂಬಾ ಮೂಲದವರು, ವಯಸ್ಸು ಎಪ್ಪತ್ತು ದಾಟಿದೆ. ಯುಗಾದಿ ದಿನ ನಮ್ಮ ಮನೆಗೆ ಬಂದು ಹೋಳಿಗೆ ತಿಂದವರು, ಮಾರನೇ ವಾರ ಒಂದು ಸಿಗಾರ್ ತಂದುಕೊಟ್ಟರು. ಪದ್ರೋನ್ 1964 ಆನಿವರ್ಸರಿ, ಮಡೂರೊ, ಅಂದರೆ ಹೊರಗಿನ ಎಲೆ ಕಡು ಕಂದು. ಇದು ಕ್ಯೂಬಾದ್ದಲ್ಲ, ನಿಕರಾಗುವಾದ್ದು, ಅರ್ಜೆಂಟ್ ಇರುವ ದಿನ ಮುಟ್ಟಬೇಡ ಅಂದರು. ಅಷ್ಟೇ ಹೇಳಿದ್ದು.

ಹಿಂದೆ ಎರಡು ಮೂರು ಸಲ ಬೇರೆ ಸಿಗಾರ್ ಸೇದಿದ್ದೆ. ಪ್ರತಿ ಸಲವೂ ಬಾಯಿ ಕಹಿ, ತಲೆ ಸುತ್ತು. ಸಿಗರೇಟಿನ ಹಾಗೆ ಒಂದರ ಹಿಂದೆ ಒಂದು ದಮ್ಮು ಎಳೆದಿದ್ದೆ, ಅದಕ್ಕೇ ಹಾಗಾಗಿದ್ದು ಅಂತ ಈಗ ಗೊತ್ತಾಗಿದೆ. ಈ ಸಲ ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬಾ ಊಟ ಮಾಡಿ, ಹಿಂದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಫೋನು ಒಳಗಿಟ್ಟು ಕೂತೆ.

ಮೊದಲು ಕೈಯಲ್ಲಿ ಹಿಡಿದು ನೋಡಿದೆ. ಎಕ್ಸ್‌ಕ್ಲೂಸಿವೊ ಅನ್ನೋ ಅಳತೆ ಇದು. ಐದೂವರೆ ಇಂಚು ಉದ್ದ, 50 ರಿಂಗ್. ರಿಂಗ್ ಅಂದರೆ ದಪ್ಪದ ಲೆಕ್ಕ, ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 50 ಭಾಗ. ದುಂಡಗಿಲ್ಲ, ಒತ್ತಿ ಚೌಕ ಮಾಡಿದ್ದಾರೆ. ಬೆರಳಿನ ನಡುವೆ ಅಲುಗದೆ ಕೂರುತ್ತೆ. ಬಣ್ಣ ಕಪ್ಪು ಬೆಲ್ಲದ್ದು. ಹೊರಗಿನ ಎಲೆಯ ಮೇಲೆ ತೆಳುವಾದ ಎಣ್ಣೆ ಪಸೆ, ಹೆಬ್ಬೆರಳಲ್ಲಿ ಸವರಿದರೆ ಸಣ್ಣ ತರಿ ತರಿ. ಎರಡು ಕಾಗದದ ಪಟ್ಟಿ ಇದೆ. ಕೆಳಗಿನ ಪಟ್ಟಿಯಲ್ಲಿ ಒಂದು ನಂಬರ್. ನಕಲಿ ಮಾಡೋದನ್ನು ತಡೆಯಲು ಪ್ರತಿ ಸಿಗಾರಿಗೂ ಬೇರೆ ನಂಬರ್ ಹಾಕುತ್ತಾರಂತೆ.

ಹಚ್ಚೋ ಮುಂಚೆ ಮೂಸಿ ನೋಡಿದೆ. ಒಣ ಹುಲ್ಲು ಪೇರಿಸಿದ ಕೊಟ್ಟಿಗೆಗೆ ಹೋದಾಗ ಬರುತ್ತಲ್ಲ, ಆ ವಾಸನೆ. ಅದರ ಹಿಂದೆ ಒಣದ್ರಾಕ್ಷಿ. ತುದಿ ಕತ್ತರಿಸಿ, ಹಚ್ಚದೆ ಸುಮ್ನೆ ಒಂದು ಸಲ ಗಾಳಿ ಎಳೆದೆ. ನಾಲಿಗೆಗೆ ಸಕ್ಕರೆ ಇಲ್ಲದ ಕೋಕೋ ಪುಡಿ ಮುಟ್ಟಿಸಿದ ಹಾಗಾಯಿತು.

ಹಚ್ಚಿದ ಮೇಲೆ ಮೊದಲ ನಾಲ್ಕೈದು ದಮ್ಮು ಖಾರ. ಕಾಳುಮೆಣಸಿನ ಖಾರ, ಗಂಟಲಿಗೆ ತಾಗುವಂಥದ್ದು. ಆದರೆ ಘಾಟು ಇಲ್ಲ. ಹತ್ತು ನಿಮಿಷಕ್ಕೆ ಖಾರ ಇಳಿದು ಡಿಕಾಕ್ಷನ್ ಬಂತು. ಹಾಲು ಸಕ್ಕರೆ ಏನೂ ಹಾಕದ, ಫಿಲ್ಟರಿನಿಂದ ಆಗ ತಾನೇ ಇಳಿದ ಮೊದಲ ಡಿಕಾಕ್ಷನ್. ಹೊಗೆ ದಪ್ಪ, ಬಾಯಿ ತುಂಬಾ ಕೂರುತ್ತೆ. ಬೂದಿ ಬಿಳಿ ಕಪ್ಪು ಪದರ ಪದರವಾಗಿ ಒಂದು ಇಂಚಿನವರೆಗೆ ನಿಂತಿತ್ತು, ನಾನು ಕೊಡವಲಿಲ್ಲ, ತಾನಾಗಿಯೇ ಬಿತ್ತು.

ಅರ್ಧ ಆಗುವ ಹೊತ್ತಿಗೆ ಒಂದು ಹೊಸ ವಾಸನೆ ಬಂತು. ನನಗೆ ಚೆನ್ನಾಗಿ ಗೊತ್ತಿರುವ ವಾಸನೆ. ಊರಿನ ಮನೆಯ ಅಡುಗೆಮನೆಯದ್ದು. ಏನೋ ಹುರಿಯುವುದು. ಕಡಲೆಕಾಯಿ ಅಲ್ಲ, ಕಾಫಿ ಬೀಜ ಅಲ್ಲ, ಅವೆರಡಕ್ಕಿಂತ ಕಪ್ಪಗೆ, ಸ್ವಲ್ಪ ಕಹಿ, ಸ್ವಲ್ಪ ಎಣ್ಣೆ. ಹೆಸರು ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಮೂರು ದಿನದಿಂದ ಯೋಚನೆ ಮಾಡುತ್ತಿದ್ದೇನೆ. ಅಂತರ್ಜಾಲದಲ್ಲಿ ಇದರ ಬಗ್ಗೆ ಬರೆದವರೆಲ್ಲ ಲೆದರ್, ಸೀಡರ್, ಎಸ್ಪ್ರೆಸ್ಸೊ ಅಂತಾರೆ. ಇರಬಹುದು. ಆದರೆ ನನ್ನ ಮೂಗಿಗೆ ಬಂದದ್ದು ಬೇರೆ ಏನೋ. ಇದನ್ನು ಸೇದಿದವರು ಯಾರಾದರೂ ಇದ್ದರೆ ಹೇಳಿ, ಏನದು?


ಹಳೇ_ಪೆಟ್ಟಿಗೆ:

ಒಳ್ಳೆಯ ಸಿಗಾರಿನಿಂದ ಶುರು ಮಾಡಿದ್ದೀರಿ. ನಾನು ಹ್ಯೂಸ್ಟನ್‌ನಲ್ಲಿದ್ದೇನೆ, ಹನ್ನೆರಡು ವರ್ಷದಿಂದ ಸೇದುತ್ತಿದ್ದೇನೆ, ತಿಂಗಳಿಗೆ ಎರಡು. ಇವತ್ತಿಗೂ ಯಾರಾದರೂ ಒಂದೇ ಒಂದು ಹೇಳಿ ಅಂದರೆ ಇದನ್ನೇ ಹೇಳುತ್ತೇನೆ.

ಒಂದು ಪ್ರಶ್ನೆ. ಮೂಗಿನಿಂದ ಹೊಗೆ ಬಿಟ್ಟಿರಾ? ಬಿಟ್ಟಿಲ್ಲ ಅಂದರೆ ಅರ್ಧ ಸಿಗಾರ್ ಮಾತ್ರ ನೋಡಿದ್ದೀರಿ. ನೆಗಡಿ ಆದಾಗ ಸಾರು ಸಪ್ಪೆ ಅನ್ನಿಸುತ್ತಲ್ವಾ, ಅದೇ ಲೆಕ್ಕ. ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ. ಉಳಿದದ್ದೆಲ್ಲ ಮೂಗಿನ ಕೆಲಸ. ಹೊಗೆಯನ್ನು ಬಾಯಿಗೆ ಎಳೆದುಕೊಳ್ಳಿ, ಎದೆಗೆ ಇಳಿಸಬೇಡಿ, ಮುಕ್ಕಾಲು ಪಾಲು ಬಾಯಿಂದ ಬಿಟ್ಟು, ಉಳಿದ ಸ್ವಲ್ಪವನ್ನು ಬಾಯಿ ಮುಚ್ಚಿಕೊಂಡು ಮೆಲ್ಲಗೆ ಮೂಗಿಂದ ಬಿಡಿ. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತೆ. ಜಾಸ್ತಿ ಬಿಟ್ಟರೆ ಉರಿಯುತ್ತೆ. ಶುರುವಿನ ಖಾರ ಇಳಿದ ಮೇಲೆ, ಒಂದು ಹತ್ತು ದಮ್ಮಿಗೆ ಒಂದು ಸಲ ಮಾಡಿದರೆ ಸಾಕು.

ಇನ್ನೊಂದು, ನಿಮಿಷಕ್ಕೊಂದೇ ದಮ್ಮು. ಬೇಗ ಬೇಗ ಎಳೆದರೆ ಕೆಂಡ ಬಿಸಿಯಾಗಿ ಎಲೆ ಸೀಯುತ್ತೆ. ಪಾತ್ರೆ ತಳ ಸೀದ ಹಾಗೆ, ಆಮೇಲೆ ಅದರ ರುಚಿ ಪೂರ್ತಿ ಅಡುಗೆಗೆ ಹತ್ತುತ್ತೆ. ನಡುವೆ ಆರಿಹೋದರೆ ಗಾಬರಿ ಬೇಡ, ಬೂದಿ ಉದುರಿಸಿ ಮತ್ತೆ ಹಚ್ಚಿ.

ನೀವು ಹೇಳಿದ ವಾಸನೆ ನನಗೂ ಗೊತ್ತು. ನಾನು ಅದನ್ನು ಸುಟ್ಟ ಕೊಬ್ಬರಿ ಅಂದುಕೊಂಡಿದ್ದೆ.


ಬಸವನಗುಡಿ_ಬೈಟೂ:

ಸುಟ್ಟ ಕೊಬ್ಬರಿ! ಓದಿದ ತಕ್ಷಣ ಬಾಯಲ್ಲಿ ನೀರು ಬಂತು.

ನನ್ನ ಕತೆ ಬೇರೆ ಇದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಿಕರಾಗುವಾ ಸಿಗಾರ್ ಅಂತ ದುಬಾರಿ ಬೆಲೆ ಕೊಟ್ಟು ತಂದೆ. ಗಾಜಿನ ಕಪಾಟಿನಲ್ಲಿ ಸುಮ್ನೆ ಇಟ್ಟಿದ್ದರು. ಕತ್ತರಿಸುವಾಗಲೇ ಹೊರಗಿನ ಎಲೆ ಹಪ್ಪಳದ ಹಾಗೆ ಸೀಳಿತು. ಹಚ್ಚಿದರೆ ಹದಿನೈದು ನಿಮಿಷಕ್ಕೆ ಉರಿದು ಮುಗೀತು, ಬರೀ ಒಗರು. ಇನ್ನೊಂದರಲ್ಲಿ ಸೂಜಿ ಚುಚ್ಚಿದಂಥ ತೂತು. ಇದು ಯಾಕೆ ಹೀಗೆ? ಮನೆಯಲ್ಲಿ ಇಡೋದು ಹೇಗೆ?


ಹಳೇ_ಪೆಟ್ಟಿಗೆ:

ಒಣಗಿದೆ ಸರ್, ಮತ್ತೆ ಹುಳ ಬಿದ್ದಿದೆ. ಸಿಗಾರಿಗೆ ಗಾಳಿಯಲ್ಲಿ 65ರಿಂದ 70 ಪರ್ಸೆಂಟ್ ತೇವ ಬೇಕು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಕಾಯುವ ಪ್ಯಾಕೆಟ್ ಹಾಕಿಟ್ಟರೆ ಸಾಕು, ದೊಡ್ಡ ಮರದ ಪೆಟ್ಟಿಗೆ ಬೇಕಂತಿಲ್ಲ. ಸೂಜಿ ತೂತು ತಂಬಾಕು ಹುಳದ್ದು. ಎಲೆಯೊಳಗೆ ಮೊಟ್ಟೆ ಮೊದಲೇ ಇರಬಹುದು, ಬೆಚ್ಚಗಾದರೆ ಮರಿ ಆಗುತ್ತೆ, ಮರಿ ಎಲೆ ತಿಂದುಕೊಂಡು ಹೊರಗೆ ಬರುತ್ತೆ. ಅದಕ್ಕೇ ತಂಪು ಜಾಗದಲ್ಲಿಡಿ. ಹುಳ ಕಂಡರೆ ಉಳಿದ ಸಿಗಾರುಗಳನ್ನು ಗಾಳಿ ಆಡದ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿ ಮೂರು ನಾಲ್ಕು ದಿನ ಇಟ್ಟು, ಆಮೇಲೆ ಒಂದು ದಿನ ಫ್ರಿಜ್‌ನಲ್ಲಿಟ್ಟು, ಆಮೇಲೆ ಹೊರಗೆ ತೆಗೆಯಿರಿ. ಒಮ್ಮೆಗೇ ಹೊರಗೆ ತಂದರೆ ಎಲೆ ಬಿರುಕು ಬಿಡುತ್ತೆ.


ಪಿರಿಯಾಪಟ್ಟಣದವಳು:

ನಾನು ಸೇದುವವಳಲ್ಲ. ಆದರೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಒಣಗಿಸುವ ಮನೆ, ಬ್ಯಾರನ್ ಅಂತೀವಿ, ಅದನ್ನು ಕಾದ ರಾತ್ರಿಗಳು ನನಗೆ ಲೆಕ್ಕವಿಲ್ಲ. ಹಾಗಾಗಿ ಸೊಪ್ಪಿನ ಬಗ್ಗೆ ಎರಡು ಮಾತು ಹೇಳಬೇಕು ಅನ್ನಿಸಿತು.

ನಮ್ಮದು ಹುಣಸೂರು, ಪಿರಿಯಾಪಟ್ಟಣ ಕಡೆಯ ಸಿಗರೇಟ್ ಸೊಪ್ಪು. ಗಿಡದ ಕೆಳಗಿನ ಎಲೆ ಮೊದಲು ಹಣ್ಣಾಗುತ್ತೆ, ಅಲ್ಲಿಂದ ಮುರಿಯುತ್ತಾ ಮೇಲಕ್ಕೆ ಹೋಗುತ್ತೇವೆ. ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿ, ಸೌದೆ ಹಾಕಿ ಬಿಸಿ ಗಾಳಿ ಕೊಟ್ಟರೆ ಐದಾರು ದಿನಕ್ಕೆ ಮುಗೀತು. ಶುರುವಿನಲ್ಲಿ ಶಾಖ ಕಡಿಮೆ, ಎಲೆ ಹಳದಿ ಆಗಲಿ ಅಂತ. ಆಮೇಲೆ ದಿನ ದಿನಕ್ಕೂ ಏರಿಸುತ್ತಾ ಹೋಗಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಸೊಪ್ಪು ಕೆಂಪಾಗಿ ಹೋಗುತ್ತೆ, ಹರಾಜಿನಲ್ಲಿ ಬೆಲೆ ಬೀಳುತ್ತೆ. ಬೇಗ ಒಣಗಿಸೋದರಿಂದ ಎಲೆಯೊಳಗಿನ ಸಕ್ಕರೆ ಹಾಗೇ ಉಳಿಯುತ್ತೆ. ನಮಗೆ ಬೇಕಾಗಿರೋದೇ ಅದು, ನಿಂಬೆಹಣ್ಣಿನ ಬಣ್ಣ ಮತ್ತು ಸಿಹಿ.

ಸಿಗಾರ್ ಸೊಪ್ಪಿಗೆ ಹಾಗಲ್ಲ. ಅದನ್ನು ಗಾಳಿಯಾಡುವ ದೊಡ್ಡ ಕೊಟ್ಟಿಗೆಯಲ್ಲಿ ಒಂದೂವರೆ ಎರಡು ತಿಂಗಳು ನೇತುಹಾಕಿ ನಿಧಾನಕ್ಕೆ ಒಣಗಿಸುತ್ತಾರೆ. ಎಲೆ ಅಷ್ಟು ದಿನ ಒಳಗೊಳಗೇ ಜೀವ ಹಿಡಿದುಕೊಂಡು ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತೆ. ಆಮೇಲೆ ರಾಶಿ ಹಾಕಿ ಕೊಳೆಸುತ್ತಾರೆ. ಕೊಳೆಸೋದು ಅಂದರೆ ಹಾಳು ಮಾಡೋದಲ್ಲ, ಹದಕ್ಕೆ ತರೋದು. ಹಸಿ ಹುಲ್ಲಿನ ಬಣವೆ ಹಾಕಿದರೆ ಒಳಗೆ ಕೈ ಇಡೋಕಾಗದಷ್ಟು ಬಿಸಿ ಆಗುತ್ತಲ್ಲ, ಹಾಗೆ.

ಸಿಗರೇಟಿನ ಹೊಗೆ ಸ್ವಲ್ಪ ಹುಳಿ ಗುಣದ್ದು, ಎದೆಗೆ ಎಳೆದರೆ ಮಾತ್ರ ನಿಕೋಟಿನ್ ಚೆನ್ನಾಗಿ ಹಿಡಿಯುತ್ತೆ. ಸಿಗಾರಿನ ಹೊಗೆ ಕ್ಷಾರ ಗುಣದ್ದು, ಬಾಯಿಯ ಚರ್ಮದಿಂದಲೇ ಒಳಗೆ ಹೋಗುತ್ತೆ. ಎದೆಗೆ ಇಳಿಸಬಾರದು ಅನ್ನೋದರ ಕಾರಣ ಇದೇ. ವರಾಂಡ ಅವರಿಗೆ ಹಿಂದೆ ತಲೆ ಸುತ್ತಿದ್ದೂ ಇದಕ್ಕೇ. ನಮ್ಮಲ್ಲಿ ಮಳೆಯಲ್ಲಿ ಒದ್ದೆ ಸೊಪ್ಪು ಮುರಿದವರಿಗೂ ಅದೇ ಆಗುತ್ತೆ, ತಲೆ ಸುತ್ತು, ವಾಂತಿ. ನಿಕೋಟಿನ್ ಕೈಯ ಚರ್ಮದಿಂದಲೂ ಹೋಗುತ್ತೆ. ಅದಕ್ಕೇ ನಮ್ಮಮ್ಮ ಸೊಪ್ಪು ಮುರಿಯಲು ಹೋಗುವಾಗ ಹಳೇ ತುಂಬು ತೋಳಿನ ಅಂಗಿ ಹಾಕಿಕೊಂಡೇ ಹೋಗುತ್ತಿದ್ದರು.

ನಿಮ್ಮ ವಾಸನೆ ಬಗ್ಗೆ ಯೋಚನೆ ಮಾಡಿ ಹೇಳುತ್ತೇನೆ.


ದಾರಿಹೋಕ:

ಅಕ್ಕಾ, ಎಷ್ಟು ಚೆನ್ನಾಗಿ ಹೇಳಿದಿರಿ. ನೀವು ಹೇಳಿದ ರಾಶಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೆಲಸದ ಮೇಲೆ ನಿಕರಾಗುವಾದ ರಾಜಧಾನಿ ಮನಾಗುವಾಕ್ಕೆ ಹೋಗಿದ್ದೆ. ಒಂದು ಶನಿವಾರ ಬಿಡುವು ಸಿಕ್ಕಿತು. ಅಲ್ಲಿಂದ ಉತ್ತರಕ್ಕೆ ಪ್ಯಾನ್ ಅಮೆರಿಕನ್ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್ ಹೋದರೆ ಎಸ್ತೆಲಿ. ಗುಡ್ಡಗಳ ನಡುವಿನ ಊರು, 800 ಮೀಟರ್‌ಗಿಂತ ಎತ್ತರ, ಮನಾಗುವಾದ ಸೆಕೆ ಅಲ್ಲಿಲ್ಲ. ಊರೊಳಗೆ ಬಸ್ಸಿಂದ ಇಳಿದರೆ ಸಾಕು, ಸೊಪ್ಪಿನ ವಾಸನೆ.

ಒಂದು ಕಾರ್ಖಾನೆಯೊಳಗೆ ಬಿಟ್ಟರು. ರಾಶಿ ಹಾಕುವ ಕೋಣೆಗೆ ಕಾಲಿಟ್ಟ ತಕ್ಷಣ ಕಣ್ಣು ಉರಿ, ಮೂಗು ಉರಿ. ಅಮೋನಿಯಾ. ಎಲೆಗಳನ್ನು ಆಳುದ್ದ ಒತ್ತೊತ್ತಾಗಿ ಜೋಡಿಸಿದ್ದಾರೆ, ಅದಕ್ಕೆ ಪಿಲೋನ್ ಅನ್ನುತ್ತಾರೆ. ನಡುವೆ ಉದ್ದನೆಯ ಥರ್ಮಾಮೀಟರ್ ಚುಚ್ಚಿದ್ದಾರೆ. ಬಿಸಿ ಮಿತಿ ದಾಟಿತು ಅಂದರೆ ಇಡೀ ರಾಶಿ ಕಿತ್ತು, ಒಳಗಿನದ್ದು ಹೊರಕ್ಕೆ, ಹೊರಗಿನದ್ದು ಒಳಕ್ಕೆ ಮಾಡಿ ಮತ್ತೆ ಕಟ್ಟುತ್ತಾರೆ. ಎಷ್ಟು ಸಲ ಅಂತ ಕೇಳಿದೆ. ಸೊಪ್ಪು ಸಾಕು ಅನ್ನುವವರೆಗೆ ಅಂದರು ಅಲ್ಲಿನ ಮೇಸ್ತ್ರಿ. ಆತ ಒಂದು ಎಲೆ ಕಿತ್ತು ನನ್ನ ಮೂಗಿಗೆ ಹಿಡಿದರು. ರಾಶಿಯ ಅಂಚಿನದ್ದು ಮೂತ್ರದ ವಾಸನೆ. ಮುಗಿದ ರಾಶಿಯದ್ದು ಕೋಕೋ. ಒಂದೇ ಹೊಲದ ಎಲೆ ಎರಡೂ.

ಸುತ್ತುವ ಹಾಲ್‌ನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಒಳಗಿನ ಎಲೆಗಳನ್ನು ಮಡಚಿ ಕಟ್ಟು ಮಾಡುತ್ತಾರೆ, ಇನ್ನೊಬ್ಬರು ಹೊರಗಿನ ಎಲೆ ಸುತ್ತುತ್ತಾರೆ. ಸುತ್ತುತ್ತಿದ್ದ ಹೆಂಗಸು ಎಲೆಯನ್ನು ಹಲಗೆಯ ಮೇಲೆ ಹರವಿ, ಅಂಗೈಯಲ್ಲಿ ಒಂದು ಸಲ ಸವರಿ, ಅರ್ಧಚಂದ್ರದ ಕತ್ತಿಯಿಂದ ಒಂದೇ ಎಳೆತಕ್ಕೆ ಅಂಚು ತೆಗೆದರು. ಆಮೇಲೆ ಎಡಗೈ ಬಿಗಿ ಹಿಡಿದು ಬಲಗೈಯಲ್ಲಿ ಉರುಳಿಸುತ್ತಾ ಬಂದರು. ಕೊನೆಗೆ ಸಣ್ಣ ದುಂಡನೆ ಚೂರು ಎಲೆಯನ್ನು ಗೋಂದು ಸವರಿ ತಲೆಗೆ ಅಂಟಿಸಿದರು. ನಾವು ಕತ್ತರಿಸುವುದು ಆ ಟೋಪಿಯನ್ನೇ. ಅದನ್ನು ನೋಡಿದ ಮೇಲೆ ನಾನು ಟೋಪಿಯ ಅಂಚಿಗಿಂತ ಕೆಳಗೆ ಕತ್ತರಿಸುವುದೇ ಇಲ್ಲ. ಕೆಳಗೆ ಹೋದರೆ ಪೂರ್ತಿ ಸುತ್ತು ಬಿಚ್ಚಿಕೊಳ್ಳುತ್ತೆ.


ಮೂಡಿಗೆರೆ_ರೋಬಸ್ಟಾ:

ನಾವು ಕಾಫಿ ಬೆಳೆಯುವವರು, ಕಪ್ಪಿಂಗ್ ಟೇಬಲ್‌ನಲ್ಲಿ ಕೂತು ರುಚಿ ಹೇಳಿ ಅಭ್ಯಾಸ ಇದೆ. ಅದಕ್ಕೇ ಈ ಮಾತು. ಕಾಫಿಯಲ್ಲಿ ಬ್ಲ್ಯಾಕ್‌ಕರೆಂಟ್, ಬ್ಲೂಬೆರಿ ಅನ್ನೋ ಪದ ಕಲಿಸುತ್ತಾರೆ. ನಾನು ಬ್ಲೂಬೆರಿ ತಿಂದದ್ದೇ ಮೂವತ್ತು ವರ್ಷ ದಾಟಿದ ಮೇಲೆ. ಅಲ್ಲಿಯವರೆಗೆ ಬೇರೆಯವರ ಬಾಯಿಯ ರುಚಿ ಬರೆದುಕೊಂಡು ಬಂದೆ. ಒಂದು ದಿನ ನಮ್ಮದೇ ತೋಟದ ಕಾಫಿ ಕುಡಿದು ನೇರಳೆಹಣ್ಣು ಅಂತ ಬರೆದೆ, ಪಕ್ಕದಲ್ಲಿ ಕೂತಿದ್ದ ಮೂರೂ ಜನ ಹೌದು ಹೌದು ಅಂದರು. ಹಾಗಾಗಿ ವರಾಂಡ ಅವರೇ, ಲೆದರ್ ಸೀಡರ್ ಪಟ್ಟಿ ಬದಿಗಿಡಿ. ನೀವು ಅಡುಗೆಮನೆ ಅಂದಿರಲ್ಲ, ಅಲ್ಲೇ ಹುಡುಕಿ.

ನನ್ನ ಊಹೆ ರಾಗಿ ಹುರಿಯುವ ವಾಸನೆ. ಹುರಿಹಿಟ್ಟು ಮಾಡುವಾಗ ರಾಗಿ ಅರಳುತ್ತಲ್ಲ, ಅದು.

ಹಳೇ ಪೆಟ್ಟಿಗೆ ಸರ್, ನಿಕರಾಗುವಾದಲ್ಲಿ ಬೇರೆ ಬೇರೆ ಜಾಗದ ಸೊಪ್ಪಿಗೆ ಬೇರೆ ರುಚಿ ಅಂತಾರಲ್ಲ, ನಮ್ಮ ಕಾಫಿ ಹಾಗೆಯೇನಾ?


ಹಳೇ_ಪೆಟ್ಟಿಗೆ:

ಹಾಗೆಯೇ. ಎಸ್ತೆಲಿ ಕಣಿವೆಯ ಮಣ್ಣು ಕಪ್ಪು, ಅಲ್ಲಿಯ ಸೊಪ್ಪು ಗಟ್ಟಿ, ಖಾರ. ಅದರ ಉತ್ತರಕ್ಕೆ ಕೊಂಡೇಗಾ, ಕಲ್ಲು ಮಣ್ಣು, ಮಧ್ಯಮ. ಹೊಂಡುರಾಸ್ ಗಡಿ ಹತ್ತಿರ ಹಲಾಪಾ, ಅಲ್ಲಿ ಕೆಂಪು ಮಣ್ಣು, ಸೊಪ್ಪಿಗೆ ಒಂದು ಸಿಹಿ ಇದೆ, ನಯ ಇದೆ. ದಕ್ಷಿಣದಲ್ಲಿ ದೊಡ್ಡ ಸರೋವರದ ನಡುವೆ ಓಮೆತೆಪೆ ದ್ವೀಪ, ಎರಡು ಜ್ವಾಲಾಮುಖಿ ಸೇರಿ ಆದ ನೆಲ, ಅಲ್ಲಿಯದ್ದರಲ್ಲಿ ಮಣ್ಣಿನ ವಾಸನೆ ಜಾಸ್ತಿ.

ಪಿರಿಯಾಪಟ್ಟಣದ ಮೇಡಂ ಹೇಳಿದ ಹಾಗೆ ಗಿಡದಲ್ಲಿ ಎಲೆ ಎಲ್ಲಿತ್ತು ಅನ್ನೋದೂ ಮುಖ್ಯ. ಮೇಲಿನದ್ದು ಲಿಗೆರೊ, ಬಿಸಿಲು ಪೂರ್ತಿ ಕುಡಿದದ್ದು, ದಪ್ಪ, ಬಲ ಜಾಸ್ತಿ, ಉರಿಯೋದು ನಿಧಾನ. ಅದಕ್ಕೇ ಅದನ್ನು ನಡು ಮಧ್ಯದಲ್ಲಿ ಇಡುತ್ತಾರೆ. ಅದರ ಕೆಳಗೆ ವಿಸೊ, ಸೆಕೊ. ಘಮ ಕೊಡೋದು ಇವು. ಮೂರನ್ನೂ ಯಾವ ಪಾಲಲ್ಲಿ ಬೆರೆಸಬೇಕು ಅನ್ನೋದೇ ಸಿಗಾರ್ ಮಾಡುವವರ ವಿದ್ಯೆ.

ಪದ್ರೋನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊಸೆ ಓರ್ಲಾಂಡೊ ಪದ್ರೋನ್ 1926ರಲ್ಲಿ ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ಹುಟ್ಟಿದವರು. ತಂಬಾಕು ಬೆಳೆಯುವ ಮನೆತನ. ಕ್ರಾಂತಿ ಆದ ಮೇಲೆ ಹೊಲ ಸರ್ಕಾರದ ಪಾಲಾಯಿತು. ಮಯಾಮಿಗೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಗೆಳೆಯರೊಬ್ಬರು ಒಂದು ಸಣ್ಣ ಸುತ್ತಿಗೆ ಕೊಟ್ಟರು. ಅದರಲ್ಲಿ ಬಡಗಿ ಕೆಲಸ ಮಾಡಿ 600 ಡಾಲರ್ ಉಳಿಸಿ, 1964ರಲ್ಲಿ ಲಿಟಲ್ ಹವಾನಾದಲ್ಲಿ ಸಿಗಾರ್ ಮಾಡಲು ಶುರು ಮಾಡಿದರು. ಆ ಸುತ್ತಿಗೆಯನ್ನು ಕೊನೆಯವರೆಗೆ ಇಟ್ಟುಕೊಂಡಿದ್ದರು. 1970ರಲ್ಲಿ ಎಸ್ತೆಲಿಗೆ ಹೋದರು. 1978ರ ಗಲಭೆಯಲ್ಲಿ ಅಲ್ಲಿನ ಕಾರ್ಖಾನೆ ಸುಟ್ಟುಹೋಯಿತು. 1985ರಲ್ಲಿ ಅಮೆರಿಕ ನಿಕರಾಗುವಾದ ಮೇಲೆ ವ್ಯಾಪಾರ ನಿರ್ಬಂಧ ಹಾಕಿತು, 1990ರವರೆಗೆ ಅದು ಇತ್ತು. ಇಷ್ಟೆಲ್ಲ ದಾಟಿ 1994ರಲ್ಲಿ, ಕಂಪನಿಗೆ 30 ವರ್ಷ ಆದದ್ದಕ್ಕೆ ಅಂತ ತಂದದ್ದು ನೀವು ಸೇದಿದ ಈ ಸಿಗಾರ್. ನಾಲ್ಕು ವರ್ಷ ಮಾಗಿಸಿದ ಸೊಪ್ಪು, ಪೂರ್ತಿ ನಿಕರಾಗುವಾದ್ದೇ. ಪದ್ರೋನ್ 2017ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವತ್ತು ನಾನು ಮನೆಯಲ್ಲಿದ್ದ ಒಂದೇ ಒಂದು ಪದ್ರೋನ್ 1926 ಸಿಗಾರ್ ಹಚ್ಚಿ ಕೂತಿದ್ದೆ.


ದಂತವೈದ್ಯೆ_ಧಾರವಾಡ:

ನಿಮ್ಮ ಮಾತು ಓದಿ ಖುಷಿಯಾಯಿತು ರೀ, ಆದರೂ ನಾನು ಹೇಳಲೇಬೇಕು. ಎದೆಗೆ ಎಳೆಯೋದಿಲ್ಲ, ಹಾಗಾಗಿ ತೊಂದರೆ ಇಲ್ಲ ಅಂತ ಬಹಳ ಜನ ನನ್ನ ಕುರ್ಚಿಯಲ್ಲಿ ಕೂತು ಹೇಳುತ್ತಾರೆ. ಹೊಗೆ ಬಾಯಲ್ಲೇ ಇರುತ್ತೆ ಅಂದರೆ ಬಾಯಿ, ನಾಲಿಗೆ, ಗಂಟಲಿಗೆ ಅದು ತಾಗುತ್ತಲೇ ಇರುತ್ತೆ. ಸಿಗಾರ್ ಸೇದುವವರಿಗೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇದೆ, ಒಸಡಿನ ರೋಗವೂ ಬರುತ್ತೆ. ಕೆನ್ನೆಯ ಒಳಗೆ ಅಥವಾ ನಾಲಿಗೆ ಅಂಚಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡು ಎರಡು ವಾರದಲ್ಲಿ ಹೋಗದಿದ್ದರೆ ತೋರಿಸಿ. ಸೇದುವುದು ಬಿಡುವುದು ನಿಮಗೆ ಬಿಟ್ಟದ್ದು. ಶುರು ಮಾಡದವರು ಈ ಚರ್ಚೆ ಓದಿ ಶುರು ಮಾಡಬೇಡಿ.


ಟ್ಯಾಂಪಾ_ವರಾಂಡ:

ಡಾಕ್ಟರ್, ಹೇಳಿದ್ದು ಒಳ್ಳೆಯದಾಯಿತು. ನಿಜ. ನಾನು ವರ್ಷಕ್ಕೆ ನಾಲ್ಕೈದು ದಾಟುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಬಾಯಿ ತಪಾಸಣೆಗೆ ಬುಕ್ ಮಾಡಿದೆ ಈಗಷ್ಟೇ.

ಸುಟ್ಟ ಕೊಬ್ಬರಿ ಹತ್ತಿರ ಇದೆ, ಆದರೆ ಅದರಲ್ಲಿ ಸಿಹಿ ಜಾಸ್ತಿ. ರಾಗಿ ಹುರಿದದ್ದು ಇನ್ನೂ ಹತ್ತಿರ. ಆದರೆ ರಾಗಿಯಲ್ಲಿ ಎಣ್ಣೆ ಇಲ್ಲ. ನನಗೆ ಬಂದದ್ದರಲ್ಲಿ ಎಣ್ಣೆ ಇತ್ತು.


ಪಿರಿಯಾಪಟ್ಟಣದವಳು:

ರಾಗಿ ಹತ್ತಿರ, ಆದರೆ ಎಣ್ಣೆ ಇದೆ, ಕಪ್ಪು, ಸ್ವಲ್ಪ ಕಹಿ. ಹಾಗಾದರೆ ರಾಗಿ ಹೊಲದ ಅಕ್ಕಡಿ ಸಾಲಲ್ಲೇ ಇದೆ ನೋಡಿ ನಿಮ್ಮ ಉತ್ತರ. ಹುಚ್ಚೆಳ್ಳು.

ಬಾಣಲೆಗೆ ಹಾಕಿ ಹುರಿದರೆ ಮೊದಲು ಹಸಿ ವಾಸನೆ, ಆಮೇಲೆ ಚಿಟಪಟ ಅನ್ನುತ್ತೆ, ಇಳಿಸುವ ಹೊತ್ತಿಗೆ ಮನೆಯೆಲ್ಲಾ ಒಂದು ಘಮ ಎದ್ದುಬಿಡುತ್ತೆ. ಅದಾ?


ಟ್ಯಾಂಪಾ_ವರಾಂಡ:

ಅಕ್ಕಾ. ಓದಿದ ತಕ್ಷಣ ಕುರ್ಚಿಯಿಂದ ಎದ್ದೆ. ಅಜ್ಜಿ ಹುಚ್ಚೆಳ್ಳು ಚಟ್ನಿಪುಡಿ ಮಾಡುತ್ತಿದ್ದರು, ಹುರಿಯುವಾಗ ನಾನು ಒಲೆ ಹತ್ತಿರವೇ ಕೂರುತ್ತಿದ್ದೆ. ಆದರೆ ನೆನಪಿನಿಂದ ಹೌದು ಅಂದುಬಿಡೋದು ಬೇಡ. ಇನ್ನೊಂದು ಸೇದಿ ನೋಡಿಯೇ ಹೇಳುತ್ತೇನೆ.


ಬಸವನಗುಡಿ_ಬೈಟೂ:

ಕಾಯುತ್ತಿದ್ದೇವೆ. ಜೊತೆಗೆ ಏನು ಕುಡಿದರೆ ಒಳ್ಳೆಯದು, ಅದನ್ನೂ ಯಾರಾದರೂ ಹೇಳಿ.


ದಾರಿಹೋಕ:

ಅಲ್ಲಿನವರು ಫ್ಲೋರ್ ದೆ ಕಾನ್ಯಾ ರಮ್ ಕುಡಿಯುತ್ತಾರೆ. 1890ರಿಂದ ಚಿಚಿಗಾಲ್ಪಾದಲ್ಲಿ ಮಾಡುತ್ತಿರುವುದು, ಅದೂ ನಿಕರಾಗುವಾದ್ದೇ. ಚೆನ್ನಾಗಿ ಹೊಂದುತ್ತೆ. ಆದರೆ ರುಚಿ ನೋಡಬೇಕು ಅಂತಲೇ ಕೂತರೆ ಬರೀ ನೀರು ಸಾಕು. ಒಂದು ಅಚ್ಚು ಬೆಲ್ಲ ಪಕ್ಕದಲ್ಲಿರಲಿ. ತಲೆ ತಿರುಗಿದರೆ ಸಿಹಿ ತಿನ್ನಿ ಅಂತ ಹಳಬರು ಹೇಳುತ್ತಾರೆ, ನನಗೆ ಅದರಿಂದ ಉಪಯೋಗ ಆಗಿದೆ.


ಟ್ಯಾಂಪಾ_ವರಾಂಡ:

ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ.

ಈ ಸಲ ನಾನೇ ಅಂಗಡಿಗೆ ಹೋಗಿ ಎರಡು ತಂದೆ. ಒಂದು ಅದೇ ಮಡೂರೊ, ಇನ್ನೊಂದು ಅದೇ ಅಳತೆಯ ನ್ಯಾಚುರಲ್. ಅಂದರೆ ಹೊರಗಿನ ಎಲೆ ತಿಳಿ ಕಂದು. ಎರಡನ್ನೂ ಎರಡು ಭಾನುವಾರ ಸೇದಿದೆ. ಪಕ್ಕದ ಮನೆ ಯಜಮಾನರನ್ನೂ ಕರೆದೆ, ಎರಡನೇ ವಾರ ಅವರು ಜೊತೆಗಿದ್ದರು.

ಮೊದಲು ನ್ಯಾಚುರಲ್. ಗಡಿಯಾರ ಎದುರಿಗಿಟ್ಟುಕೊಂಡು ನಿಮಿಷಕ್ಕೊಂದು ದಮ್ಮು. ಹಚ್ಚುವಾಗಲೂ ಬೆಂಕಿ ತಾಗಿಸದೆ, ಸ್ವಲ್ಪ ದೂರ ಹಿಡಿದು ತುದಿಯನ್ನು ಸುತ್ತಲೂ ಬೆಚ್ಚಗೆ ಮಾಡಿ, ಅಂಚು ಕೆಂಪಾದ ಮೇಲೆ ಎಳೆದೆ. ಕಾಳುಮೆಣಸು ಬಂತು, ಹುರಿದ ಕಡಲೆಕಾಯಿ ಬಂತು, ನಡುವೆ ಬೆಣ್ಣೆ ಕಾಯಿಸುವಾಗಿನ ವಾಸನೆ ಒಂದೆರಡು ಸಲ ಸುಳಿದು ಹೋಯಿತು. ಬಹಳ ನಯ. ಆದರೆ ನನ್ನ ವಾಸನೆ ಬರಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಕಾದೆ, ಬರಲೇ ಇಲ್ಲ.

ಮುಂದಿನ ವಾರ ಮಡೂರೊ. ಮೊದಲ ಕಾಲು ಭಾಗದವರೆಗೂ ಮೂಗಿಂದ ಬಿಡಲಿಲ್ಲ, ಹಳೇ ಪೆಟ್ಟಿಗೆ ಸರ್ ಹೇಳಿದ ಹಾಗೆ ಖಾರ ಇಳಿಯಲಿ ಅಂತ. ಆಮೇಲೆ ಸ್ವಲ್ಪವೇ ಬಿಟ್ಟೆ, ಕಣ್ಣಲ್ಲಿ ನೀರು ಬಂತು, ವಾಸನೆ ಏನೂ ಗೊತ್ತಾಗಲಿಲ್ಲ. ಎರಡನೇ ಸಲ ಡಿಕಾಕ್ಷನ್. ಕೆಳಗಿನ ಪಟ್ಟಿಯ ಹತ್ತಿರಕ್ಕೆ ಬಿಸಿ ಬಂದಾಗ ಅದರ ಗೋಂದು ಮೆತ್ತಗಾಯಿತು, ಪಟ್ಟಿ ಜಾರಿಸಿ ತೆಗೆದಿಟ್ಟೆ. ಆಮೇಲಿನ ದಮ್ಮನ್ನು ಬಾಯಿ ಮುಚ್ಚಿ, ಬಹಳ ಮೆಲ್ಲಗೆ ಮೂಗಿಂದ ಬಿಟ್ಟೆ.

ಹುಚ್ಚೆಳ್ಳು. ಅನುಮಾನವೇ ಇಲ್ಲ. ಬಾಣಲೆಯಿಂದ ಇಳಿಸಿ ಮೊರಕ್ಕೆ ಸುರಿಯುವ ಹೊತ್ತಿನದ್ದು. ಬಾಯಲ್ಲಿ ಅದು ಇರಲೇ ಇಲ್ಲ, ಬಾಯಲ್ಲಿ ಬರೀ ಕಾಫಿ ಮತ್ತು ಸಣ್ಣ ಸಿಹಿ. ಮೂಗಿನಲ್ಲಿ ಮಾತ್ರ. ಮೊದಲ ಸಲ ನನಗೆ ಗೊತ್ತಿಲ್ಲದೆಯೇ ಸ್ವಲ್ಪ ಹೊಗೆ ಮೂಗಿಂದ ಹೋಗಿರಬೇಕು.

ಯಜಮಾನರಿಗೆ ಹೇಳಿದೆ. ಅವರಿಗೆ ಹುಚ್ಚೆಳ್ಳು ಅಂದರೆ ಏನು ಅಂತ ಗೊತ್ತಿಲ್ಲ. ಒಳಗೆ ಹೋಗಿ, ಊರಿಂದ ಅಮ್ಮ ಕಳಿಸಿದ್ದ ಚಟ್ನಿಪುಡಿ ಡಬ್ಬಿ ತಂದು ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಎರಡು ಸಲ ಮೂಸಿದರು. ತಮ್ಮ ಸಿಗಾರ್ ಎತ್ತಿ ಒಂದು ದಮ್ಮು ಎಳೆದು ಮೂಗಿಂದ ಬಿಟ್ಟರು. ಮತ್ತೆ ಡಬ್ಬಿ ಮೂಸಿದರು. ಇಷ್ಟು ವರ್ಷ ಇದನ್ನು ಸುಮ್ನೆ ಮಡೂರೊ ವಾಸನೆ ಅಂತಲೇ ಅಂದುಕೊಂಡಿದ್ದೆ ಅಂದರು.


ಮೂಡಿಗೆರೆ_ರೋಬಸ್ಟಾ:

ನ್ಯಾಚುರಲ್‌ನಲ್ಲಿ ಇಲ್ಲ, ಮಡೂರೊದಲ್ಲಿ ಇದೆ ಅಂದರೆ ಅದು ಹೊರಗಿನ ಎಲೆಯಿಂದಲೇ ಬಂದಿರಬೇಕು, ಅಲ್ವಾ? ಮಡೂರೊ ಎಲೆಯನ್ನು ಜಾಸ್ತಿ ದಿನ, ಜಾಸ್ತಿ ಬಿಸಿಯಲ್ಲಿ ರಾಶಿ ಹಾಕುತ್ತಾರೆ. ಕಾಫಿ ಬೀಜವನ್ನು ಇನ್ನೊಂದು ನಿಮಿಷ ಜಾಸ್ತಿ ಹುರಿದ ಹಾಗೆ. ಒಂದು ತೆಳು ಎಲೆ ಇಷ್ಟು ಬದಲಾಯಿಸುತ್ತೆ ಅಂದರೆ ನಂಬೋದು ಕಷ್ಟ.


ಪಿರಿಯಾಪಟ್ಟಣದವಳು:

ನನಗೆ ಬಹಳ ಖುಷಿಯಾಯಿತು. ನಾವು ಬೆಳೆದ ಸೊಪ್ಪು ಹರಾಜು ಕಟ್ಟೆಯಿಂದ ಆಚೆ ಹೋದ ಮೇಲೆ ಯಾರ ಬಾಯಲ್ಲಿ ಏನಾಯಿತು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಬೇರೆ ದೇಶದ ಸೊಪ್ಪೇ ಆದರೂ ಒಬ್ಬರು ಕೂತು ಇಷ್ಟು ಗಮನ ಕೊಟ್ಟು ನೋಡಿದ್ದು ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ, ಅವರು ಸೊಪ್ಪಿನ ನಡುದಂಟು ತೆಗೆದೇ ಸುತ್ತುತ್ತಾರಾ ಅಂತ.


ದಾರಿಹೋಕ:

ತೆಗೆಯುತ್ತಾರೆ ಅಂತ ಹೇಳಿ ಅಪ್ಪನಿಗೆ. ಅದಕ್ಕೇ ಒಂದು ಬೇರೆ ಕೋಣೆ ಇದೆ. ಸಾಲಾಗಿ ಹೆಂಗಸರು ಕೂತು, ಎಲೆಯನ್ನು ಸ್ವಲ್ಪ ಒದ್ದೆ ಮಾಡಿ, ತುದಿಯಲ್ಲಿ ದಂಟು ಹಿಡಿದು ಒಂದೇ ಸಲಕ್ಕೆ ಎಳೆದುಬಿಡುತ್ತಾರೆ. ಹೊರಗಿನ ಎಲೆಯದ್ದು ಪೂರ್ತಿ ತೆಗೆಯುತ್ತಾರೆ, ಎಲೆ ಎರಡು ಹೋಳಾಗುತ್ತೆ. ಎಡದ ಹೋಳಿಗೊಂದು ರಾಶಿ, ಬಲದ್ದಕ್ಕೊಂದು ರಾಶಿ. ಎಡದ್ದನ್ನು ಒಂದು ಕಡೆಗೆ, ಬಲದ್ದನ್ನು ಇನ್ನೊಂದು ಕಡೆಗೆ ಸುತ್ತಬೇಕು, ಇಲ್ಲದಿದ್ದರೆ ನರ ಹೊರಗೆ ಎದ್ದು ಕಾಣುತ್ತೆ.